ತೊಟ್ಟುಚರ್ಮವೂ ರಕ್ತಸಂಚಾರದ ಮದ್ದುಗಳೂ



ಯಶವಂತಪುರವನ್ನು ದಾಟಿ ತುಮಕೂರು ರಸ್ತೆಯಲ್ಲಿ ಮುಂದೆ ನಡೆದರೆ ಪೀಣ್ಯದ ಕೈಗಾರಿಕಾ ಪ್ರದೇಶ ಸಿಕ್ಕುತ್ತದೆಂಬುದು ಬೆಂಗಳೂರಿನವರಿಗೆಲ್ಲ ತಿಳಿದ ಸಂಗತಿ. ಅಲ್ಲಿಯ ಸಣ್ಣ ದೊಡ್ಡ ಕಾರ್ಖಾನೆಗಳಲ್ಲಿ ಲೇತುಗಳೂ, ತಗಡನ್ನು ಅಚ್ಚಿನ ನಡುವೆ ಇಟ್ಟು ಒತ್ತುವ ಪ್ರೆಸ್ಸುಗಳೂ ಎಡೆಬಿಡದೆ ನಡೆಯುತ್ತಿರುತ್ತವೆ. ಪ್ರೆಸ್ಸಿಗೆ ಇರಬೇಕಾದ ಕಾಪು ಇಲ್ಲದಿದ್ದರೆ, ತಗಡು ಹೋಗಬೇಕಾದ ಎಡೆಗೆ ಒಂದು ಕ್ಷಣದಲ್ಲಿ ಬೆರಳು ಹೋಗಿಬಿಡುತ್ತದೆ. ಇಂಥ ಗಾಯದಲ್ಲಿ ಚರ್ಮವೂ ಮಾಂಸವೂ ಕಿತ್ತುಹೋಗಿ ಎಲುಬು ಹೊರಗೆ ಕಾಣುತ್ತದೆ. ಹೊದಿಕೆಯಿಲ್ಲದ ಎಲುಬು ಒಣಗುತ್ತದೆ, ಕೀವಾಗುತ್ತದೆ, ಕೊನೆಗೆ ಸಾಯುತ್ತದೆ. ಕೈಯಿಂದ ದುಡಿದು ಉಣ್ಣುವವನಿಗೆ ಕೈಯ ಪ್ರಶ್ನೆಯೆಂದರೆ ಮನೆಮಂದಿಯ ಅನ್ನದ ಪ್ರಶ್ನೆ.

ಹೀಗೆ ಬರಿದಾದ ಎಲುಬಿಗೆ ಜೀವವಿರುವ ಹೊದಿಕೆಯನ್ನು ಕೊಡುವ ಶಸ್ತ್ರಚಿಕಿತ್ಸೆಯೊಂದುಂಟು. ಆ ಹೊದಿಕೆ ಬದುಕಿ ಉಳಿಯುವುದಕ್ಕೆ ರಕ್ತಸಂಚಾರವನ್ನು ಹೆಚ್ಚಿಸುವ ಮದ್ದುಗಳಿಂದ ಎಷ್ಟು ಸಹಾಯವಾದೀತು, ಎಷ್ಟು ಆಗಲಾರದು ಎಂಬುದು ಈ ಹೊತ್ತಿನ ಭಾಷಣದ ವಿಷಯ. ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ ಹೇಳುವವರು. ಆದಕಾರಣ ಇಂಥ ಮದ್ದನ್ನು ಇಷ್ಟು ತೆಗೆದುಕೊಳ್ಳಿರೆಂದು ಹೇಳುವುದು ನಮ್ಮ ಕೆಲಸವಲ್ಲ. ಆ ಮದ್ದುಗಳ ಹಿಂದಿರುವ ಯುಕ್ತಿಯನ್ನು ಬಿಡಿಸಿ ಹೇಳುವುದಷ್ಟೆ ನಮ್ಮ ಉದ್ದೇಶ.

ಮೊದಲು ಮಾತಿನ ಅರ್ಥವನ್ನು ಗೊತ್ತುಮಾಡಿಕೊಳ್ಳೋಣ. ತೊಡೆಯಿಂದ ತೆಳುವಾಗಿ ಚರ್ಮವನ್ನು ಹೆರೆದು ತೆಗೆದು ಗಾಯದ ಮೇಲೆ ಹಾಸುವುದುಂಟು. ಅದಕ್ಕೆ ಚರ್ಮದ ಕಸಿ ಎಂದು ಹೆಸರು. ಅದು ಬರುವಾಗ ತನ್ನ ರಕ್ತನಾಳಗಳನ್ನು ತರುವುದಿಲ್ಲ. ಕೆಳಗಿನ ನೆಲ ಹಸಿಯಾಗಿದ್ದರೆ ಅಲ್ಲಿಂದ ಹೀರಿಕೊಂಡು ಬದುಕುತ್ತದೆ. ಬರಿಯ ಎಲುಬಿನ ಮೇಲೆ ಇಟ್ಟರೆ ಬಂಡೆಯ ಮೇಲೆ ನೆಟ್ಟ ಪೈರಿನಂತೆ ಒಣಗಿಹೋಗುತ್ತದೆ. ಅಂಥ ಕಡೆಯಲ್ಲಿ ಶಸ್ತ್ರವೈದ್ಯರು ಚರ್ಮವನ್ನು ಅದರ ಅಡಿಯ ಕೊಬ್ಬಿನೊಡನೆ ದಪ್ಪವಾಗಿ ಎಬ್ಬಿಸಿ, ಒಂದು ಕಡೆ ಮಾತ್ರ ದೇಹಕ್ಕೆ ಅಂಟಿಕೊಂಡಿರುವಂತೆ ಬಿಟ್ಟು, ಉಳಿದುದನ್ನು ತಿರುಗಿಸಿ ಗಾಯದ ಮೇಲೆ ಹೊದಿಸುತ್ತಾರೆ. ಅಂಟಿಕೊಂಡ ಆ ಭಾಗವೇ ಅದರ ತೊಟ್ಟು. ಮಾವಿನ ಕಸಿ ಕಟ್ಟುವವರು ಕೆಲವು ವೇಳೆ ಕೊಂಬೆಯನ್ನು ತಾಯಿಮರದಿಂದ ಕತ್ತರಿಸದೆಯೆ ಸಸಿಗೆ ಕೂಡಿಸಿ ಕಟ್ಟಿ, ಎರಡೂ ಬೆಸೆದ ಮೇಲೆ ಕೊಯ್ಯುತ್ತಾರಲ್ಲವೆ? ಇದೂ ಹಾಗೆಯೆ. ಇಂಗ್ಲಿಷಿನಲ್ಲಿ ಇದಕ್ಕೆ ಫ್ಲ್ಯಾಪ್ ಎಂದು ಹೆಸರು. ಈ ಭಾಷಣದಲ್ಲಿ ನಾವು ತೊಟ್ಟುಚರ್ಮ ಎಂದು ಕರೆಯೋಣ.

ಈ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಮೂಗಿನ ಗಾಯವನ್ನು ಚರ್ಮದಿಂದ ಸರಿಪಡಿಸುವ ಕ್ರಮವನ್ನು ಸುಶ್ರುತಸಂಹಿತೆಯೇ ಹೇಳುತ್ತದೆ. ಅದು ಹೊರಜಗತ್ತಿಗೆ ತಿಳಿದ ಬಗೆಯಲ್ಲಿ ಮೈಸೂರಿನ ಚರಿತ್ರೆಯೂ ಸೇರಿಕೊಂಡಿದೆ. 1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರ್ನವಾಲಿಸನ ಸೈನ್ಯ ನಿಜಾಮನ ಕುದುರೆಯ ದಂಡನ್ನು ಕೂಡಿಕೊಳ್ಳಲು ಉತ್ತರಕ್ಕೆ ದೇವನಹಳ್ಳಿಯ ಕಡೆಗೆ ನಡೆಯಿತು. ಆ ಕಾಲದ ಸೈನ್ಯವೆಂದರೆ ಎತ್ತುಗಳ ಸೈನ್ಯ. ಫಿರಂಗಿಯನ್ನು ಎಳೆಯುವುದಕ್ಕೂ ಧಾನ್ಯವನ್ನು ಹೊರುವುದಕ್ಕೂ ಎತ್ತುಗಳೇ ಗತಿ. ಆ ಯುದ್ಧದಲ್ಲಿ ಇಂಗ್ಲಿಷರ ಎತ್ತುಗಳನ್ನು ಹೊಡೆಯುತ್ತಿದ್ದ ಕವಾಸಜಿ ಎಂಬ ಮರಾಠಿ ಒಕ್ಕಲಿಗನೊಬ್ಬ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆಮೇಲೆ ಶ್ರೀರಂಗಪಟ್ಟಣದ ಬಳಿ ಮುಂಬಯಿಯ ಸೈನ್ಯವನ್ನು ಬಂದು ಸೇರಿದ. ಒಂದು ವರ್ಷಕ್ಕೆ ಮೇಲ್ಪಟ್ಟು ಮೂಗಿಲ್ಲದೆ ಇದ್ದ ಅವನಿಗೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಕುಲದವನೊಬ್ಬ ಹೊಸ ಮೂಗನ್ನು ಕಟ್ಟಿಕೊಟ್ಟ. ಈ ವೃತ್ತಾಂತ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ಪತ್ರರೂಪವಾಗಿ ಅಚ್ಚಾಯಿತು.

ಆ ಕುಶಲಿಗನ ಕೈಕೆಲಸವನ್ನು ಪತ್ರ ವಿವರವಾಗಿ ತಿಳಿಸುತ್ತದೆ. ಮೇಣದ ತೆಳು ಹಾಳೆಯಿಂದ ಮೂಗಿನ ಆಕಾರವನ್ನು ಮಾಡಿ, ಅದನ್ನು ಚಪ್ಪಟೆಯಾಗಿಸಿ ಹಣೆಯ ಮೇಲಿಟ್ಟು, ಸುತ್ತಲೂ ಗೆರೆ ಎಳೆದು ಅಷ್ಟು ಚರ್ಮವನ್ನು ಎಬ್ಬಿಸಿದನು. ಆದರೆ ಎರಡು ಕಣ್ಣುಗಳ ನಡುವೆ ಒಂದು ಕಿರಿದಾದ ಪಟ್ಟಿಯನ್ನು ಕೊಯ್ಯದೆ ಉಳಿಸಿಕೊಂಡನು. ಎಬ್ಬಿಸಿದ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಕ್ಕೆ ಇಳಿಸಿ, ಮೂಗಿನ ಬುಡವನ್ನು ಹಸಿಮಾಡಿ ಅಲ್ಲಿ ಸೇರಿಸಿ, ಕಾಚನ್ನು ನೀರಿನಲ್ಲಿ ನೆನೆಸಿ ಬಟ್ಟೆಯ ಪಟ್ಟಿಗಳಿಗೆ ಹಚ್ಚಿ ಅಂಟಿಸಿದನು. ನಾಲ್ಕು ದಿನಗಳಾದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು ಇಪ್ಪತ್ತೈದನೆಯ ದಿನ ಆ ಕಿರಿದಾದ ಪಟ್ಟಿಯನ್ನು ಕೊಯ್ದು ಬಿಟ್ಟನು. ಹೊಸ ಚರ್ಮ ಹಳೆಯದರೊಡನೆ ಬೆಸೆಯುವವರೆಗೂ ರಕ್ತ ಹರಿಯುತ್ತಿರಲೆಂದೇ ಆ ಪಟ್ಟಿಯನ್ನು ಉಳಿಸುವುದೆಂಬುದನ್ನು ಪತ್ರದ ಲೇಖಕ ಸರಿಯಾಗಿಯೆ ಗ್ರಹಿಸಿದ್ದನು. ಈ ಪತ್ರದಿಂದ ಪ್ರೇರಿತನಾದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಅದೇ ಕ್ರಮದಿಂದ ಮೂಗು ಕಟ್ಟಿ, 1816ರಲ್ಲಿ ಪುಸ್ತಕವನ್ನು ಪ್ರಕಟಿಸಿದನು. ಇಂದಿಗೂ ಹಣೆಯ ಚರ್ಮದಿಂದ ಮೂಗು ಕಟ್ಟುವ ಚಿಕಿತ್ಸೆಗೆ ಪ್ರಪಂಚದಲ್ಲೆಲ್ಲ ಭಾರತೀಯ ಕ್ರಮವೆಂದೇ ಹೆಸರು. ಕಣ್ಣಿನ ಒಳಮೂಲೆಯ ಮೇಲಿಂದ ಹಣೆಗೆ ಏರುವ ಶುದ್ಧರಕ್ತನಾಳವೊಂದು ಆ ಕಿರುಪಟ್ಟಿಯೊಳಗೆ ಹಾದುಹೋಗುತ್ತದೆ. ಅಂಗರಚನಾಶಾಸ್ತ್ರವನ್ನು ಓದದಿದ್ದರೂ ಪರಂಪರೆಯ ಅನುಭವದಿಂದ ಆ ಕುಶಲಿಗ ತೊಟ್ಟನ್ನು ಸರಿಯಾದ ಕಡೆಯಲ್ಲಿಯೆ ಇಟ್ಟಿದ್ದನು.

ಈಗ ರಕ್ತಸಂಚಾರದ ವಿಚಾರಕ್ಕೆ ಬರೋಣ. ನಮ್ಮ ಉತ್ತರ ಬೆಂಗಳೂರು ಕೆರೆಗಳ ಸೀಮೆ. ಯಲಹಂಕದ ಕೆರೆ ತುಂಬಿ ಕೋಡಿ ಬಿದ್ದ ನೀರು ಜಕ್ಕೂರಿನ ಕೆರೆಗೂ, ಅಲ್ಲಿಂದ ರಾಚೇನಹಳ್ಳಿಯ ಕೆರೆಗೂ ಇಳಿಯುತ್ತದೆ. ಕೆರೆಯ ಕೆಳಗೆ ಬೇಸಾಯ ಮಾಡಿದವರಿಗೆ ಎರಡು ವಿಷಯಗಳು ಗೊತ್ತು. ತೂಬಿನ ಹತ್ತಿರದ ಗದ್ದೆ ಎಂದೂ ಒಣಗದು. ಕಾಲುವೆಯ ಕೊನೆಯ ಗದ್ದೆಗೆ ಮಾತ್ರ ನೀರು ಹತ್ತುವುದು ಕಷ್ಟ. ಇದಲ್ಲದೆ, ಗದ್ದೆಗೆ ನೀರು ಬಂದರೆ ಸಾಲದು, ಹೆಚ್ಚಿನ ನೀರು ಹೊರಕ್ಕೆ ಹೋಗಲೂ ಬೇಕು. ಹೋಗದಿದ್ದರೆ ಪೈರು ನಿಂತ ನೀರಿನಲ್ಲಿ ಕೊಳೆಯುತ್ತದೆ. ತೊಟ್ಟುಚರ್ಮದ ಕಥೆಯೂ ಇದೇ. ಅದರ ತೊಟ್ಟೇ ತೂಬು. ತೊಟ್ಟಿನಿಂದ ದೂರವಾದ ಅಂಚೇ ಕೊನೆಯ ಗದ್ದೆ. ಸಾಯುವುದಾದರೆ ಸಾಮಾನ್ಯವಾಗಿ ಅದೇ ಮೊದಲು ಸಾಯುತ್ತದೆ. ದುರ್ದೈವದಿಂದ, ಎಲುಬನ್ನು ಮುಚ್ಚಬೇಕಾದುದೂ ಅನೇಕ ವೇಳೆ ಆ ಅಂಚೇ.

ಆದ್ದರಿಂದ ತೊಟ್ಟುಚರ್ಮಕ್ಕೆ ಎರಡು ಬಗೆಯ ಮರಣವುಂಟು. ಒಳಕ್ಕೆ ಬರುವ ಶುದ್ಧರಕ್ತ ನಿಂತರೆ ಅದು ಬಿಳಿಚಿಕೊಂಡು ತಣ್ಣಗಾಗುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಕೆಂಪು ತಿರುಗಿ ಬರುವುದಿಲ್ಲ. ಹೊರಕ್ಕೆ ಹೋಗುವ ಅಶುದ್ಧರಕ್ತ ನಿಂತರೆ ಅದು ನೀಲಿಯಾಗಿ ಊದಿಕೊಳ್ಳುತ್ತದೆ. ಒತ್ತಿ ಬಿಟ್ಟರೆ ಬಣ್ಣ ತಟ್ಟನೆ ಬರುತ್ತದೆ. ಸೂಜಿಯಿಂದ ಚುಚ್ಚಿದರೆ ಕಪ್ಪುರಕ್ತ ಬರುತ್ತದೆ. ಈ ಎರಡರ ಭೇದವನ್ನು ನೆನಪಿನಲ್ಲಿಡಬೇಕು. ಒಂದಕ್ಕೆ ಹಿತವಾದ ಉಪಾಯ ಮತ್ತೊಂದಕ್ಕೆ ವ್ಯರ್ಥ.

ಮದ್ದುಗಳಲ್ಲಿ ಮೊದಲನೆಯ ವರ್ಗ ನಾಳಗಳನ್ನು ಅಗಲಿಸತಕ್ಕವು. ನಾಳ ಸ್ವಲ್ಪ ಅಗಲವಾದರೆ ಹರಿವು ಬಹಳ ಹೆಚ್ಚುತ್ತದೆಂಬ ನಿಯಮವನ್ನು ಫ್ರಾನ್ಸಿನ ಪಾಯ್‌ಸೆಯ್ ಎಂಬ ವೈದ್ಯ 1840ರ ಸುಮಾರಿನಲ್ಲಿ ಕಂಡುಹಿಡಿದನು. ನಾಳದ ಅಗಲ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಹರಿವು ನೂರಕ್ಕೆ 46ರಷ್ಟು ಹೆಚ್ಚುತ್ತದೆ. ಅಗಲ ಅರ್ಧಕ್ಕಿಳಿದರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಈ ಲೆಕ್ಕವನ್ನು ನೋಡಿದ ಯಾರಿಗಾದರೂ ನಾಳವನ್ನು ಅಗಲಿಸುವ ಮದ್ದೇ ಸರ್ವಸ್ವವೆಂದು ತೋರೀತು.

ಇಂಥವುಗಳಲ್ಲಿ ನೈಟ್ರೋಗ್ಲಿಸರಿನ್ನಿನ ಚರಿತ್ರೆ ವಿಚಿತ್ರವಾದುದು. 1847ರಲ್ಲಿ ಇಟಲಿಯ ಸೊಬ್ರೇರೊ ಇದನ್ನು ತಯಾರಿಸಿದನು. ಆಲ್‌ಫ್ರೆಡ್ ನೊಬೆಲ್ ಇದರಿಂದ ಬಂಡೆಯನ್ನು ಸೀಳುವ ಡೈನಮೈಟನ್ನು ಮಾಡಿದನು. 1879ರಲ್ಲಿ ಲಂಡನ್ನಿನ ವಿಲಿಯಂ ಮರೆಲ್ ಇದನ್ನೇ ಎದೆನೋವಿಗೆ ಮದ್ದಾಗಿ ಬಳಸಿದನು. ಇದು ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆಮಾಡಿ ನಾಳದ ಗೋಡೆಯ ಬಿಗಿತವನ್ನು ಸಡಿಲಿಸುತ್ತದೆ. ಆ ಅನಿಲದ ವಿಷಯದಲ್ಲಿ ಸಂಶೋಧನೆ ನಡೆಸಿದ ಮೂವರಿಗೆ 1998ರಲ್ಲಿ ನೊಬೆಲ್ ಹೆಸರಿನ ಬಹುಮಾನವೇ ದೊರೆಯಿತು. ಇದನ್ನು ಮುಲಾಮಾಗಿ ಚರ್ಮದ ಮೇಲೆಯೆ ಹಚ್ಚಬಹುದು. ಸ್ತನದ ಶಸ್ತ್ರಚಿಕಿತ್ಸೆಯ ತರುವಾಯ ಉಳಿದ ತೆಳುವಾದ ಚರ್ಮಕ್ಕೆ ಹಚ್ಚಿ ನೋಡಿದ ಕೆನಡಾದ ಪರೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಬರಿಯ ಮುಲಾಮು ಹಚ್ಚಿದವರಲ್ಲಿ ನೂರಕ್ಕೆ ಸುಮಾರು 34 ಮಂದಿಗೆ ಚರ್ಮ ಸತ್ತರೆ, ಮದ್ದಿದ್ದ ಮುಲಾಮು ಹಚ್ಚಿದವರಲ್ಲಿ ಸುಮಾರು 15 ಮಂದಿಗೆ ಸತ್ತಿತು. ಇದು ಅಲ್ಪವಾದ ಲಾಭವಲ್ಲ. ಅಫೀಮಿನಿಂದ 1848ರಲ್ಲಿ ಬೇರ್ಪಡಿಸಿದ, ಆದರೆ ಅಮಲಿಲ್ಲದ, ಪಪಾವರೀನ್ ಎಂಬುದು ಇನ್ನೊಂದು. ಸೂಕ್ಷ್ಮದರ್ಶಕದ ಕೆಳಗೆ ನಾಳಗಳನ್ನು ಹೊಲಿಯುವಾಗ ಅವು ಮುದುಡಿಕೊಂಡರೆ ಶಸ್ತ್ರವೈದ್ಯರು ಇದನ್ನು ತೊಟ್ಟಿಕ್ಕುತ್ತಾರೆ.

ಆದರೆ ಇಲ್ಲಿ ಎರಡು ತೊಡಕುಗಳುಂಟು. ಬಾಯಿಂದಲೊ ಸೂಜಿಯಿಂದಲೊ ಕೊಟ್ಟ ಮದ್ದು ರಕ್ತದ ಮೂಲಕವೇ ಹೋಗಬೇಕು. ರಕ್ತವೇ ತಲಪದ ಅಂಚಿಗೆ ಮದ್ದು ತಲಪುವ ಬಗೆ ಹೇಗೆ? ಎರಡನೆಯದಾಗಿ, ಮೈಯೆಲ್ಲದರ ನಾಳಗಳೂ ಒಟ್ಟಿಗೆ ಅಗಲವಾದರೆ ರಕ್ತದ ಒತ್ತಡವೇ ಕುಗ್ಗುತ್ತದೆ. ಕೆರೆಯ ತೂಬುಗಳನ್ನೆಲ್ಲ ಒಮ್ಮೆಗೆ ಎತ್ತಿದರೆ ಕೊನೆಯ ಗದ್ದೆಗೆ ಇದ್ದ ನೀರೂ ತಪ್ಪುವುದಲ್ಲವೆ?

ಎರಡನೆಯ ವರ್ಗ ರಕ್ತ ಹೆಪ್ಪುಗಟ್ಟದಂತೆ ತಡೆಯತಕ್ಕವು. 1916ರಲ್ಲಿ ಅಮೆರಿಕದ ಜೇ ಮೆಕ್ಲೀನ್ ಎಂಬ ವಿದ್ಯಾರ್ಥಿಯ ಕೆಲಸದಿಂದ ಹೆಪಾರಿನ್ನಿನ ಚರಿತ್ರೆ ಮೊದಲಾಗುತ್ತದೆ. 1899ರಿಂದ ಮಾರಾಟವಾಗುತ್ತಿರುವ ಆಸ್ಪಿರಿನ್ ರಕ್ತದ ಕಿರುಫಲಕಗಳು ಒಂದಕ್ಕೊಂದು ಅಂಟದಂತೆ ಮಾಡುತ್ತದೆ. ತೊಟ್ಟನ್ನೂ ಪೂರ್ತಿ ಕತ್ತರಿಸಿ, ಚರ್ಮವನ್ನು ದೂರಕ್ಕೆ ಒಯ್ದು, ಅಲ್ಲಿಯ ನಾಳಗಳಿಗೆ ಅದರ ನಾಳಗಳನ್ನು ಹೊಲಿಯುವ ಚಿಕಿತ್ಸೆ 1973ರಿಂದೀಚೆಗೆ ರೂಢಿಗೆ ಬಂದಿದೆ. ಆ ಹೊಲಿಗೆಯ ಬಾಯಲ್ಲಿ ಹೆಪ್ಪು ಕಟ್ಟುವುದೇ ದೊಡ್ಡ ಭಯವಾದ್ದರಿಂದ ಈ ಮದ್ದುಗಳಿಗೆ ಅಲ್ಲಿ ಸ್ಥಾನವುಂಟು. ಆದರೆ ಮದ್ದು ಹೆಚ್ಚಾದರೆ ಚರ್ಮದ ಅಡಿಯಲ್ಲಿ ರಕ್ತ ಒಸರಿ ಗಡ್ಡೆಯಾಗಿ ನಿಲ್ಲುತ್ತದೆ. ಆ ಗಡ್ಡೆ ನಾಳವನ್ನೇ ಅದುಮಿ, ಕಾಯಬೇಕೆಂದಿದ್ದ ಚರ್ಮವನ್ನು ಕೊಲ್ಲುತ್ತದೆ. ರಕ್ತವನ್ನು ತೆಳುಮಾಡುವ ಡೆಕ್ಸ್‌ಟ್ರಾನ್ ಎಂಬ ದ್ರವವನ್ನು ಒಂದು ಕಾಲದಲ್ಲಿ ಬಹಳ ಮಂದಿ ಕೊಡುತ್ತಿದ್ದರು. ಆಸ್ಪಿರಿನ್ನಿನೊಡನೆ ಹೋಲಿಸಿ 2003ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅದರಿಂದ ಚರ್ಮಕ್ಕೆ ಹೆಚ್ಚಿನ ಲಾಭ ಕಾಣಲಿಲ್ಲ. ರೋಗಿಗೆ ತೊಂದರೆ ಮಾತ್ರ ಹೆಚ್ಚಾಗಿ ಕಂಡಿತು.

ಮೂರನೆಯ ವರ್ಗದಲ್ಲಿ, ಕೆಂಪುಕಣಗಳು ಬಳುಕಿ ಸಣ್ಣ ನಾಳಗಳಲ್ಲಿ ನುಸುಳುವಂತೆ ಮಾಡುವ ಪೆಂಟಾಕ್ಸಿಫಿಲೀನ್ ಮೊದಲಾದವೂ, ರಕ್ತ ನಿಂತು ಮತ್ತೆ ಹರಿದಾಗ ಹುಟ್ಟುವ ವಿಷಗಳಿಂದ ಜೀವಕೋಶಗಳನ್ನು ಕಾಯುವ ಮದ್ದುಗಳೂ ಸೇರುತ್ತವೆ. ಪ್ರಯೋಗಶಾಲೆಯಲ್ಲಿ ಇಂಥ ಎಷ್ಟೋ ಮದ್ದುಗಳು ಗೆದ್ದಿವೆ. ರೋಗಿಯ ಹಾಸಿಗೆಯ ಬಳಿ ಗೆದ್ದವು ಕೆಲವೇ. ಇದಕ್ಕೆ ಕಾರಣವನ್ನು ಹುಡುಕಿದರೆ ಇಲಿಯ ಬೆನ್ನಿಗೆ ಹೋಗಬೇಕಾಗುತ್ತದೆ. 1965ರಲ್ಲಿ ಮೆಕ್‌ಫಾರ್ಲೇನ್ ಎಂಬ ಶಸ್ತ್ರವೈದ್ಯನೂ ಸಂಗಡಿಗರೂ ಇಲಿಯ ಬೆನ್ನಿನ ಮೇಲೆ ಉದ್ದವಾದ ತೊಟ್ಟುಚರ್ಮವನ್ನು ಎಬ್ಬಿಸಿ, ಅದರ ತುದಿ ಎಷ್ಟು ಸಾಯುತ್ತದೆಂದು ಅಳೆಯುವ ಕ್ರಮವನ್ನು ತೋರಿಸಿದರು. ಅಂದಿನಿಂದ ನೂರಾರು ಮದ್ದುಗಳ ಪರೀಕ್ಷೆ ಅಲ್ಲಿಯೆ ನಡೆದಿದೆ. ಆದರೆ ಇಲಿಯ ಚರ್ಮ ಸಡಿಲವಾದುದು, ಅದರ ಅಡಿಯಲ್ಲಿ ಚರ್ಮವನ್ನು ಅಲುಗಿಸುವ ಸ್ನಾಯುವಿನ ಪದರವೊಂದುಂಟು; ನಮ್ಮ ಚರ್ಮ ಬಿಗಿಯಾದುದು, ನಾಳಗಳ ಏರ್ಪಾಡೂ ಬೇರೆ. ಇಲಿಯಲ್ಲಿ ಒಂದು ಅಂಗುಲ ಉಳಿಸಿದ ಮದ್ದು ಮನುಷ್ಯನಲ್ಲಿಯೂ ಉಳಿಸೀತೆಂದು ಹೇಳಲಾಗುವುದಿಲ್ಲ. ಇದನ್ನು ನಾವು ನಮ್ಮ ವಿದ್ಯಾರ್ಥಿಗಳಿಗೆ ಅಡಿಗಡಿಗೆ ಹೇಳುವುದುಂಟು. ಪತ್ರಿಕೆಯಲ್ಲಿ ಹೊಸ ಮದ್ದಿನ ಸುದ್ದಿಯನ್ನು ಓದಿದಾಗ, ಅದು ಯಾವ ಪ್ರಾಣಿಯ ಮೇಲೆ ಎಂದು ಮೊದಲು ಕೇಳಬೇಕು.

ಮೇಲೆ ಹೇಳಿದ ಎರಡನೆಯ ಬಗೆಯ ಮರಣಕ್ಕೆ, ಎಂದರೆ ಅಶುದ್ಧರಕ್ತ ನಿಲ್ಲುವ ತೊಂದರೆಗೆ, ಕೆರೆಯಿಂದಲೇ ಒಂದು ಮದ್ದು ದೊರೆತಿದೆ. ಅದು ನಮಗೆಲ್ಲ ಅಸಹ್ಯವಾದ ಜಿಗಣೆ. ಸುಶ್ರುತಸಂಹಿತೆ ಹನ್ನೆರಡು ಬಗೆಯ ಜಿಗಣೆಗಳನ್ನು ಎಣಿಸಿ, ಆರನ್ನು ವಿಷವುಳ್ಳವೆಂದೂ ಆರನ್ನು ವಿಷವಿಲ್ಲದವೆಂದೂ ವಿಂಗಡಿಸುತ್ತದೆ. 1884ರಲ್ಲಿ ಜಾನ್ ಹೇಕ್ರಾಫ್ಟ್ ಎಂಬ ವಿಜ್ಞಾನಿ ಜಿಗಣೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವೊಂದಿದೆಯೆಂದು ತೋರಿಸಿದನು. ಅದಕ್ಕೆ ಮುಂದೆ ಹಿರುಡಿನ್ ಎಂಬ ಹೆಸರು ಬಂದಿತು. ಊದಿ ನೀಲಿಯಾದ ತೊಟ್ಟುಚರ್ಮಕ್ಕೆ ಜಿಗಣೆಯನ್ನು ಬಿಟ್ಟರೆ ಅದು ನಿಂತ ರಕ್ತವನ್ನು ಕುಡಿಯುತ್ತದೆ. ಅದು ಬಿಟ್ಟುಹೋದ ಮೇಲೆಯೂ ಕಚ್ಚಿದ ಬಾಯಿಂದ ಗಂಟೆಗಟ್ಟಲೆ ರಕ್ತ ಒಸರುವುದೇ ಅದರ ಹೆಚ್ಚಿನ ಉಪಕಾರ. ಹೊಸ ಸಿರೆಗಳು ಬೆಳೆಯುವ ಕೆಲವು ದಿನಗಳವರೆಗೆ ಅದು ತಾತ್ಕಾಲಿಕವಾದ ಕೋಡಿ. 1960ರಲ್ಲಿ ಸ್ಲೊವೇನಿಯದ ಇಬ್ಬರು ಶಸ್ತ್ರವೈದ್ಯರು ಇದನ್ನು ವರದಿಮಾಡಿದರು. 1985ರಲ್ಲಿ ಬಾಸ್ಟನ್ನಿನಲ್ಲಿ ನಾಯಿ ಕಚ್ಚಿ ಕಿತ್ತ ಮಗುವೊಂದರ ಕಿವಿ ಜಿಗಣೆಗಳ ಸಹಾಯದಿಂದ ಉಳಿಯಿತು. 2004ರಲ್ಲಿ ಅಮೆರಿಕದ ಔಷಧ ಇಲಾಖೆ ಜಿಗಣೆಯ ಮಾರಾಟಕ್ಕೆ ಒಪ್ಪಿಗೆಯನ್ನೇ ಕೊಟ್ಟಿತು. ಆದರೆ ಕೆರೆಯಿಂದ ಹಿಡಿದು ತಂದ ಜಿಗಣೆಯನ್ನು ಮನೆಯಲ್ಲಿ ಗಾಯಕ್ಕೆ ಬಿಡುವ ಸಾಹಸವನ್ನು ಯಾರೂ ಮಾಡಬಾರದು. ಅದರ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳಿಂದ ಗಾಯ ಕೀವಾಗುವುದುಂಟು. ಆಸ್ಪತ್ರೆಯಲ್ಲಿ ಅದಕ್ಕಾಗಿ ಬೇರೆ ಔಷಧವನ್ನು ಜೊತೆಯಲ್ಲಿಯೆ ಕೊಡುತ್ತಾರೆ.

ಹಾಗಾದರೆ ತೊಟ್ಟುಚರ್ಮವನ್ನು ಮುಖ್ಯವಾಗಿ ಉಳಿಸುವುದು ಯಾವುದು? ಪುಣೆಯ ಕುಶಲಿಗ ತೋರಿಸಿದುದೇ: ತೊಟ್ಟು. 1970ರಲ್ಲಿ ಸ್ಟುವರ್ಟ್ ಮಿಲ್ಟನ್ ಎಂಬ ಶಸ್ತ್ರವೈದ್ಯ ಹಂದಿಗಳ ಮೇಲೆ ಪ್ರಯೋಗ ನಡೆಸಿ, ತೊಟ್ಟು ಅಗಲವಾಗಿದ್ದ ಮಾತ್ರಕ್ಕೆ ಚರ್ಮ ಹೆಚ್ಚು ಉದ್ದ ಬದುಕುವುದಿಲ್ಲ, ಅದರೊಳಗೆ ಒಳ್ಳೆಯ ನಾಳವಿದೆಯೆ ಎಂಬುದೇ ಮುಖ್ಯ ಎಂದು ತೋರಿಸಿದನು. 1972ರಲ್ಲಿ ಗ್ಲಾಸ್ಗೋದ ಮೆಕ್‌ಗ್ರೆಗರ್ ಮತ್ತು ಜಾಕ್ಸನ್ ಎಂಬವರು ತೊಡೆಸಂದಿನ ಗೊತ್ತಾದ ನಾಳವೊಂದನ್ನು ಹಿಡಿದು ಉದ್ದವಾದ ತೊಟ್ಟುಚರ್ಮವನ್ನು ಎಬ್ಬಿಸುವ ಕ್ರಮವನ್ನು ತಿಳಿಸಿದರು. ಯಂತ್ರಕ್ಕೆ ಸಿಕ್ಕಿದ ಕೈಗೆ ಇಂದಿಗೂ ಇದು ನಂಬಿಕೆಯ ಚಿಕಿತ್ಸೆ. ಸುಮಾರು ಮೂರು ವಾರ ಕೈಯನ್ನು ತೊಡೆಸಂದಿಗೆ ಹೊಲಿದಿಟ್ಟು ಆಮೇಲೆ ಬಿಡಿಸುತ್ತಾರೆ. ಎರಡನೆಯ ಉಪಾಯ ತಾಳ್ಮೆ. ಚರ್ಮವನ್ನು ಒಮ್ಮೆಗೆ ಎಬ್ಬಿಸದೆ, ಅಂಚುಗಳನ್ನು ಮೊದಲು ಕೊಯ್ದು ಅಲ್ಲಿಯೆ ಬಿಟ್ಟು ಎರಡು ಮೂರು ವಾರ ಕಾದರೆ, ಅರೆಮುಚ್ಚಿದ ನಾಳಗಳು ತಾವೇ ಅಗಲವಾಗುತ್ತವೆ. ಯಾವ ಮದ್ದೂ ಇದಕ್ಕೆ ಇನ್ನೂ ಸಮಾನವಾಗಿಲ್ಲ.

ಇನ್ನು ಕೊನೆಯದಾಗಿ ಒಂದು ಮದ್ದಿನ ಮಾತು. ಅದು ತೆಗೆದುಕೊಳ್ಳುವ ಮದ್ದಲ್ಲ, ಬಿಡುವ ಮದ್ದು. ಹೊಗೆಸೊಪ್ಪಿನಲ್ಲಿರುವ ನಿಕೊಟೀನ್ ಚರ್ಮದ ಸಣ್ಣ ನಾಳಗಳನ್ನು ಬಿಗಿಯುತ್ತದೆ. ನಾಳ ಬಿಗಿದರೆ ಹರಿವು ಎಷ್ಟು ಕುಗ್ಗುವುದೆಂಬ ಲೆಕ್ಕವನ್ನು ಆಗಲೇ ಹೇಳಿದ್ದೇವೆ. ಬೀಡಿ ಸಿಗರೇಟುಗಳ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲ ಪ್ರಾಣವಾಯುವಿಗಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಕೆಂಪುಕಣಗಳನ್ನು ಹಿಡಿದುಕೊಳ್ಳುವುದರಿಂದ, ಹರಿದುಬಂದ ರಕ್ತವೂ ಬರಿಗೈಯಲ್ಲಿ ಬರುತ್ತದೆ. ವೈದ್ಯರು ಗಂಟೆಗಟ್ಟಲೆ ನಿಂತು ಹೊದಿಸಿದ ಚರ್ಮ, ವಾರ್ಡಿನಿಂದ ಮೆಲ್ಲನೆ ಹೊರಗೆ ಹೋಗಿ ಸೇದಿದ ಬೀಡಿಗಳಿಂದ ಕಪ್ಪಾಗಬಹುದು. ಮೊದಲೇ ಗೊತ್ತುಮಾಡಿದ ಚಿಕಿತ್ಸೆಯಾದರೆ ಹಿಂದೆ ನಾಲ್ಕು ವಾರ, ಮುಂದೆ ನಾಲ್ಕು ವಾರ ಹೊಗೆಯನ್ನು ಬಿಡಬೇಕೆಂದು ಶಸ್ತ್ರವೈದ್ಯರು ಸಾಮಾನ್ಯವಾಗಿ ವಿಧಿಸುತ್ತಾರೆ. ಅಪಘಾತದಲ್ಲಿಯಾದರೆ ಅದೇ ಗಳಿಗೆಯಿಂದ. ಹಾಸಿಗೆಯ ಬಳಿಗೆ ಬರುವ ಸ್ನೇಹಿತರು ಪ್ರೀತಿಯಿಂದ ಬೀಡಿ ಹಚ್ಚಿಕೊಡುವುದು ಉಪಕಾರವಲ್ಲ.

ರೋಗಿಯ ಬಳಿ ಕಾದು ಕುಳಿತ ತಾಯಿಗೂ ಹೆಂಡತಿಗೂ ತಮ್ಮನಿಗೂ ಮಾಡಲು ಕೆಲಸವುಂಟು. ಮೈಯನ್ನು ಬೆಚ್ಚಗಿಡುವುದು, ಏಕೆಂದರೆ ಚಳಿಯೂ ನಾಳಗಳನ್ನು ಬಿಗಿಯುತ್ತದೆ. ತೊಟ್ಟು ಮಡಿಸದಂತೆ, ಪಟ್ಟಿ ಬಿಗಿಯದಂತೆ ನೋಡುವುದು. ಎಲ್ಲಕ್ಕಿಂತ ಹೆಚ್ಚಾಗಿ ಬಣ್ಣವನ್ನು ನೋಡುತ್ತಿರುವುದು. ಬಿಳಿಚಿದರೆ, ತಣ್ಣಗಾದರೆ, ನೀಲಿಯಾಗಿ ಊದಿದರೆ ಬೆಳಗಿನ ತನಕ ಕಾಯದೆ, ಸಂಕೋಚಪಡದೆ, ಆ ಕ್ಷಣವೇ ದಾದಿಯನ್ನು ಕೂಗಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿದರೆ ಹೊಲಿಗೆಯನ್ನು ಸಡಿಲಿಸಿಯೊ ನಾಳವನ್ನು ಮತ್ತೆ ತೆರೆದೊ ಉಳಿಸಬಹುದು. ತಡವಾದರೆ ಯಾವ ಮದ್ದಿಗೂ ಸಾಧ್ಯವಿಲ್ಲ. ಬೆರಳು ಪೂರ್ತಿಯಾಗಿ ತುಂಡಾಗಿ ಬಿದ್ದಿದ್ದರೆ ಅದನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ರೋಗಿಯೊಡನೆಯೆ ಒಯ್ಯಬೇಕು. ಬೆರಳನ್ನು ನೇರವಾಗಿ ಮಂಜಿನಲ್ಲಿಯಾಗಲಿ ನೀರಿನಲ್ಲಿಯಾಗಲಿ ಹಾಕಬಾರದು.

ಮದ್ದುಗಳನ್ನು ಹೀಗಳೆಯುವುದು ನಮ್ಮ ಅಭಿಪ್ರಾಯವಲ್ಲ. ಅಂಚಿನ ಒಂದು ಅಂಗುಲವನ್ನು ಉಳಿಸಿದ ಮದ್ದು ಒಂದು ಬೆರಳನ್ನು ಉಳಿಸಿದಂತೆಯೆ. ಆದರೆ ಮದ್ದು ಕಾಲುವೆಯ ಹೂಳನ್ನು ತೆಗೆಯಬಲ್ಲುದೇ ಹೊರತು ತೂಬಿಲ್ಲದ ಕಡೆ ತೂಬನ್ನು ಇಡಲಾರದು. ನಾಳವನ್ನರಿತ ಶಸ್ತ್ರವೈದ್ಯನ ಕೈ, ಹೊಗೆಯನ್ನು ಬಿಟ್ಟ ರೋಗಿಯ ಮನಸ್ಸು, ಎಚ್ಚರವಾಗಿರುವ ಬಂಧುವಿನ ಕಣ್ಣು, ಈ ಮೂರೂ ಇದ್ದ ಕಡೆ ಮದ್ದು ತನ್ನ ಗುಣವನ್ನು ತೋರಿಸುತ್ತದೆ. ಯಂತ್ರಗಳಿಗೆ ಕಾಪನ್ನು ಹಾಕಿಸುವುದು ಇದಕ್ಕೆಲ್ಲ ಮುಂಚಿನ ಕರ್ತವ್ಯವೆಂಬುದನ್ನು ಕಾರ್ಖಾನೆಯ ಯಜಮಾನರಿಗೆ ವಿಜ್ಞಾಪಿಸಿ, ಈ ಭಾಷಣವನ್ನು ಮುಗಿಸುತ್ತೇವೆ.